ಕೆಂಪು ಶಾಯಿಯ ಬಿ.ಎಡ್.

ಬಿ.ಎಡ್. ವಿದ್ಯಾರ್ಥಿಯ ಪಾಠಯೋಜನೆ ಪುಸ್ತಕವನ್ನು ಒಮ್ಮೆ ಬಿಡಿಸಿ ನೋಡಿ. ಪೀಠಿಕೆ, ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಅಂತ ಗೆರೆ ಹೊಡೆದ ಕಾಲಂಗಳು. ಅದರೊಳಗೆ ‘ಕಲಿಯುವವನು’ ಎಂಬೊಬ್ಬ ಇದ್ದಾನೆ. ಅವನಿಗೆ ಊರಿಲ್ಲ, ಕೇರಿಯಿಲ್ಲ, ಬೆಳಿಗ್ಗೆ ಉಂಡು ಬಂದನೋ ಇಲ್ಲವೋ ಗೊತ್ತಿಲ್ಲ. ಎದುರಿಗೆ ನಿಂತ ಶಿಕ್ಷಕನದೂ ಅದೇ ಕತೆ. ಜಾತಿಯೇ ಇಲ್ಲದ ಇಬ್ಬರು 40 ನಿಮಿಷ ಮಾತಾಡಿಕೊಳ್ಳುವ ಈ ನಾಟಕಕ್ಕೆ ವಿಶ್ವವಿದ್ಯಾಲಯ ಅಂಕ ಕೊಡುತ್ತದೆ.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಂದ ಮೇಲೆ ಕೋರ್ಸು ಎರಡು ವರ್ಷದ್ದಾಯಿತು. 20 ವಾರ ಶಾಲೆಯಲ್ಲಿರಬೇಕು ಅಂತಾಯಿತು. ‘ತನ್ನನ್ನು ತಾನು ಅರಿಯುವುದು’ ಎಂಬ ವಿಷಯವೂ ಸೇರಿತು. ಒಳ್ಳೆಯದೇ. ನಾನು ಓದಿದ ಕಾಲೇಜಿನಲ್ಲಿ ಅದಕ್ಕಾಗಿ ಎರಡು ದಿನ ಕಣ್ಣು ಮುಚ್ಚಿಸಿ ಕೂರಿಸಿದರು, ರೆಕಾರ್ಡ್ ಬರೆಸಿದರು, ಸಹಿ ಹಾಕಿದರು. ನೀನು ಎಲ್ಲಿಂದ ಬಂದೆ, ನಿಮ್ಮಪ್ಪ ಶಾಲೆಯ ಯಾವ ಮೂಲೆಯಲ್ಲಿ ಕೂತಿದ್ದ ಅಂತ ಯಾರೂ ಕೇಳಲಿಲ್ಲ.

ಅಭ್ಯಾಸ ಪಾಠದ ದಿನ ಅದು ತಾನಾಗಿಯೇ ಹೊರಬಿತ್ತು. ನಮ್ಮದು ಮಂಡ್ಯ ಕಡೆಯ ಕೇರಿ. ಕನ್ನಡ ಪಾಠ ಮಾಡುತ್ತಾ ‘ಆಲು’ ಅಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿ ಕೂತ ವೀಕ್ಷಕರು ಕೆಂಪು ಶಾಯಿಯಲ್ಲಿ ಬರೆದರು: ಉಚ್ಚಾರ ಶುದ್ಧವಿಲ್ಲ, ಶಿಕ್ಷಕನಿಗೆ ತಕ್ಕುದಲ್ಲ. ಮೊದಲ ಮಾತನ್ನಾದರೂ ನುಂಗಿಕೊಳ್ಳಬಹುದು. ಎರಡನೆಯದಿದೆಯಲ್ಲ, ವೃತ್ತಿಯ ಗುರುತು ಅಂತ ಆ ಕೋರ್ಸು ಕಲಿಸೋದು ಅದನ್ನೇ.

ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯಿತು. ಪಕಾರ ಹೋಗಿ ಹಕಾರ ಬಂದದ್ದು ಭಾಷೆಯ ಸಹಜ ಬೆಳವಣಿಗೆ ಅಂತ ಅದೇ ಕಾಲೇಜಿನಲ್ಲಿ ಹೇಳಿಕೊಟ್ಟರು. ಅದೇ ಹಕಾರ ನಮ್ಮವ್ವನ ಬಾಯಲ್ಲಿ ಇನ್ನೊಂದು ಹೆಜ್ಜೆ ನಡೆದು ಉದುರಿಹೋದರೆ ಅಶುದ್ಧ! ಓಲೆಗರಿಯಲ್ಲಾದರೆ ವ್ಯಾಕರಣ, ಕೇರಿಯಲ್ಲಾದರೆ ತಪ್ಪು. (ಗೌಡರ ಮನೆಯಲ್ಲೂ ಹೀಗೇ ಆಡುತ್ತಾರೆ. ಅಲ್ಲಿ ಅದು ಗ್ರಾಮೀಣ ಸೊಗಡು.)

1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ಜೋತಿಬಾ ಫುಲೆ ಕೇಳಿದ್ದು ಬೇರೆ ಥರದ ಮೇಷ್ಟ್ರನ್ನು. ನೇಗಿಲ ಮೇಣಿಯನ್ನೋ ಬಡಗಿಯ ಬಾಚಿಯನ್ನೋ ಹಿಡಿಯಲು ನಾಚದವರು, ದುಡಿಯುವ ಜನರೊಂದಿಗೆ ಬೆರೆಯಬಲ್ಲವರು ಬೇಕು. ಅವರನ್ನು ಆ ಜನರೊಳಗಿಂದಲೇ ಆರಿಸಿ ತರಬೇತಿ ಕೊಡಿ ಅಂದಿದ್ದರು. ಮೀಸಲಾತಿಯ ದೆಸೆಯಿಂದ ಅಂಥ ಮನೆಗಳ ಮಕ್ಕಳು ಈಗ ತರಬೇತಿ ಕಾಲೇಜಿನೊಳಗೆ ಬಂದಿದ್ದೇವೆ. ಬಂದು ಮೊದಲು ಕಲಿತದ್ದು ಮೇಣಿ ಹಿಡಿದ ಕೈಯನ್ನು ಬಚ್ಚಿಡೋದು.

ಗೆಳೆಯರೆ, ಬೈಯೋದಾದರೆ ನನ್ನನ್ನೂ ಬೈಯಬೇಕು. ಕೆಲಸ ಸಿಕ್ಕ ಮೊದಲ ವರ್ಷ 8ನೇ ತರಗತಿಯ ಹುಡುಗಿಯೊಬ್ಬಳು ತನ್ನ ಮನೆಯ ಮೇಲೆ ಪ್ರಬಂಧ ಬರೆದಿದ್ದಳು. ಅವಳು ಬರೆದ ‘ಅಟ್ಟಿ’ಯನ್ನು ‘ಹಟ್ಟಿ’ ಮಾಡಿದೆ. ‘ರಾತ್ರಿ ಉಣ್ಣಾಕೆ ಇರ್ನಿಲ್ಲ’ ಅಂತಿದ್ದ ಕಡೆ ಕೆಂಪು ಗೆರೆ ಎಳೆದು, ಮೇಲೆ ದುಂಡಗೆ ‘ಊಟಕ್ಕೆ ಇರಲಿಲ್ಲ’ ಅಂತ ತಿದ್ದಿದೆ. ಅವತ್ತಾದರೂ ಉಂಡು ಬಂದಿದ್ದಳಾ ಅಂತ ಕೇಳಲಿಲ್ಲ. 10ಕ್ಕೆ 4 ಕೊಟ್ಟು ಮುಂದಿನ ಪುಸ್ತಕ ತೆಗೆದೆ.