ಅನಿಹ್ನವಾಚಾರವೂ ಸಂಶೋಧನ ಪತ್ರಿಕೆಗಳ ಹೊಣೆಗಾರಿಕೆಯೂ

ಜ್ಞಾನಾಚಾರದ ಎಂಟು ಅಂಗಗಳನ್ನು ನಿರೂಪಿಸುವಲ್ಲಿ ಮೂಲಾಚಾರವು ಕಾಲ, ವಿನಯ, ಉಪಧಾನ, ಬಹುಮಾನಗಳ ಬಳಿಕ ಅನಿಹ್ನವವನ್ನು ಹೇಳಿ, ಅನಂತರ ವ್ಯಂಜನ, ಅರ್ಥ, ತದುಭಯಗಳ ಶುದ್ಧಿಯನ್ನು ಹೇಳುತ್ತದೆ. ಯಾವ ಗುರುವಿನಿಂದ, ಯಾವ ಶಾಸ್ತ್ರದಿಂದ ಅರಿವು ಲಭಿಸಿತೋ ಅದನ್ನು ಮರೆಮಾಚದಿರುವುದೇ ಅನಿಹ್ನವ. ಅಕ್ಷರವೂ ಅರ್ಥವೂ ಶುದ್ಧವೆಂದು ನಿರ್ಣಯಿಸುವುದಕ್ಕೆ ಮುನ್ನ ಅವು ಬಂದ ದಾರಿ ತಿಳಿದಿರಬೇಕಾಗುತ್ತದೆ. ಆದುದರಿಂದ ಈ ಕ್ರಮವು ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಬಹಳ ಉಚಿತವಾಗಿ ತೋರುತ್ತದೆ. ತತ್ತ್ವಾರ್ಥಸೂತ್ರವು ನಿಹ್ನವ, ಮಾತ್ಸರ್ಯ, ಅಂತರಾಯ ಮೊದಲಾದವನ್ನು ಜ್ಞಾನಾವರಣದ ಆಸ್ರವಕ್ಕೆ ಕಾರಣಗಳೆಂದು ಎಣಿಸಿದೆ. ಅದೇ ಗ್ರಂಥವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನವನ್ನೂ, ಅಂದರೆ ಕದ್ದು ತಂದುದನ್ನು ಸ್ವೀಕರಿಸುವುದನ್ನೂ ಸೇರಿಸಿದೆ. ಕದ್ದವನಷ್ಟೇ ಅಲ್ಲದೆ ಅದನ್ನು ಕೈಗೆತ್ತಿಕೊಂಡವನೂ ದೋಷಭಾಗಿಯೆಂಬ ಈ ಮಾತು ಲೇಖನಗಳನ್ನು ಸ್ವೀಕರಿಸಿ ಪ್ರಕಟಿಸುವ ಸಂಪಾದಕರು ಲಕ್ಷ್ಯದಲ್ಲಿಡತಕ್ಕದ್ದಾಗಿದೆ.

ಇಂದಿನ ಸಂಶೋಧನ ಪತ್ರಿಕೆಗಳಿಗೆ ನೀತಿಸಂಹಿತೆಗಳ ಕೊರತೆಯೇನೂ ಇಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯುವ ನಿಯಮಾವಳಿಯನ್ನು ಹೊರಡಿಸಿತು. ಹೋಲಿಕೆಯು ಶೇಕಡ 10ನ್ನು ಮೀರದಿದ್ದರೆ ದಂಡನೆಯಿಲ್ಲ. ಅದಕ್ಕೆ ಮೇಲ್ಪಟ್ಟು 40ರವರೆಗೆ, 40ರಿಂದ 60ರವರೆಗೆ, 60ಕ್ಕಿಂತ ಅಧಿಕ ಎಂದು ದೋಷವನ್ನು ಮೂರು ತರಗತಿಗಳಾಗಿ ಅದು ವಿಂಗಡಿಸಿತು. ಮಾನ್ಯ ಪತ್ರಿಕೆಗಳ 'ಕೇರ್' ಪಟ್ಟಿಯು 2019ರಲ್ಲಿ ಬಂದಿತು. 2025ರಲ್ಲಿ ಅದನ್ನು ಕೈಬಿಡಲಾಗಿ, ಪತ್ರಿಕೆಗಳ ಯೋಗ್ಯಾಯೋಗ್ಯತೆಯನ್ನು ತೂಗುವ ಭಾರವು ವಿದ್ಯಾಸಂಸ್ಥೆಗಳ ಮೇಲೆಯೇ ಬಿದ್ದಿದೆ. ಈ ನಿಯಮಗಳಿಂದ ಪ್ರಯೋಜನವಿಲ್ಲವೆಂದು ಹೇಳಲಾಗದು. ಆದರೆ ಗಣಕಯಂತ್ರವು ವಾಕ್ಯಗಳ ಹೋಲಿಕೆಯನ್ನು ಮಾತ್ರ ಅಳೆಯಬಲ್ಲುದು. ಹಸ್ತಪ್ರತಿಶಾಸ್ತ್ರದಲ್ಲಿ ಅಪಹರಣಕ್ಕೆ ಗುರಿಯಾಗುವುದು ಬಹುಮಟ್ಟಿಗೆ ವಾಕ್ಯವಲ್ಲ. ಗರಿಯ ಮುಂದೆ ಕುಳಿತು ಒಬ್ಬನು ಓದಿದ ಓದು. ಈ ಅಪಹರಣಕ್ಕೆ ಶೇಕಡಾವಾರು ಲೆಕ್ಕ ದೊರೆಯುವುದಿಲ್ಲ.

ಆ ಓದಿನ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಹಳಗನ್ನಡ ಲಿಪಿಯ ಓಲೆಪ್ರತಿಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಭೇದವನ್ನು ಸಾಮಾನ್ಯವಾಗಿ ತೋರಿಸಿರುವುದಿಲ್ಲ. ಪ್ರಾಕೃತ ಗ್ರಂಥಗಳ ಪ್ರತಿಗಳಲ್ಲಿ ಅಕ್ಷರದ ಹಿಂದಿನ ಸೊನ್ನೆಯು ಒಮ್ಮೆ ಅನುಸ್ವಾರವನ್ನೂ ಮತ್ತೊಮ್ಮೆ ಮುಂದಿನ ವ್ಯಂಜನದ ದ್ವಿತ್ವವನ್ನೂ ಸೂಚಿಸುತ್ತದೆ. ಎಲ್ಲಿ ಯಾವುದೆಂದು ನಿಶ್ಚಯಿಸಲು ಲಿಪಿಜ್ಞಾನವೊಂದೇ ಸಾಲದು. ಭಾಷೆ, ಛಂದಸ್ಸು, ಸಿದ್ಧಾಂತ ಇವು ಮೂರೂ ಬೇಕು. ಹಾಗಿದ್ದೂ ಲಿಪ್ಯಂತರ ಮಾಡಿಕೊಟ್ಟವರನ್ನು 'ಪ್ರತಿ ಮಾಡಿದವರು' ಎಂದು ಕೃತಜ್ಞತೆಯ ಒಂದು ಸಾಲಿನಲ್ಲಿ ಮುಗಿಸುವುದು, ಕೆಲವೆಡೆ ಆ ಸಾಲನ್ನೂ ಬಿಡುವುದು ರೂಢಿಯಾಗಿದೆ. ಇದು ನಿಹ್ನವವೇ ಹೊರತು ಬೇರೆಯಲ್ಲ.

ಈ ವಿಷಯದಲ್ಲಿ ಜೈನ ಪತ್ರಿಕಾಪರಂಪರೆಯು ಅನ್ಯರಿಂದ ಪಾಠ ಕಲಿಯಬೇಕಾದ ಸ್ಥಿತಿಯಲ್ಲಿಲ್ಲ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿಯೇ ಪಂ. ನಾಥೂರಾಮ ಪ್ರೇಮಿಯವರ ಸಂಪಾದಕತ್ವದ 'ಜೈನ ಹಿತೈಷಿ'ಯಲ್ಲಿ ಪಂ. ಜುಗಲಕಿಶೋರ ಮುಖ್ತಾರರು 'ಗ್ರಂಥಪರೀಕ್ಷಾ' ಲೇಖನಮಾಲೆಯನ್ನು ನಡೆಸಿದರು. ಉಮಾಸ್ವಾಮಿ, ಕುಂದಕುಂದ, ಜಿನಸೇನರಂತಹ ಪೂಜ್ಯಾಚಾರ್ಯರ ಹೆಸರಿನಲ್ಲಿ ಪ್ರಚಾರಗೊಂಡಿದ್ದ ಕೆಲವು ಗ್ರಂಥಗಳ ಶ್ಲೋಕಗಳನ್ನು ಒಂದೊಂದಾಗಿ ಇತರ ಕೃತಿಗಳೊಡನೆ ತೂಗಿನೋಡಿ, ಅವು ಆ ಆಚಾರ್ಯರ ರಚನೆಗಳಲ್ಲವೆಂದು ಅವರು ತೋರಿಸಿದರು. 'ಕುಂದಕುಂದ ಶ್ರಾವಕಾಚಾರ'ವೆಂಬುದು ಶ್ವೇತಾಂಬರಾಚಾರ್ಯ ಜಿನದತ್ತಸೂರಿಗಳ 'ವಿವೇಕವಿಲಾಸ'ದಿಂದ ಸಿದ್ಧಪಡಿಸಿದುದೆಂದು ಸ್ಥಾಪಿಸಿದುದು ಆ ಪರೀಕ್ಷೆಯ ಒಂದು ಮುಖ್ಯ ಫಲ. ಇಲ್ಲಿ ಎರಡು ದೋಷಗಳು ಕೂಡಿಕೊಂಡಿವೆ: ನಿಜವಾದ ಕರ್ತೃವಿನ ಶ್ರಮವನ್ನು ಅಪಹರಿಸಿದುದು ಒಂದು; ಆಚಾರ್ಯರು ನುಡಿಯದುದನ್ನು ಅವರು ನುಡಿದರೆಂದು ಬರೆದುದು ಇನ್ನೊಂದು. ಎರಡನೆಯದು ಅಚ್ಚುಕಟ್ಟಾಗಿ ಕೂಟಲೇಖಕ್ರಿಯೆಯ ಲಕ್ಷಣಕ್ಕೆ ಹೊಂದುತ್ತದೆ. ಶ್ರದ್ಧಾಳುಗಳ ಮನಸ್ಸಿಗೆ ನೋವಾಗುವುದೆಂಬ ಅಳುಕಿನಿಂದ ಸಂಪಾದಕರು ಆ ಲೇಖನಗಳನ್ನು ತಡೆಹಿಡಿದಿದ್ದರೆ ಆಚಾರ್ಯರ ಗೌರವವು ಉಳಿಯುತ್ತಿತ್ತೆಂದು ಯಾರೂ ಹೇಳಲಾರರು.

ಇದಕ್ಕಿಂತಲೂ ಸೂಕ್ಷ್ಮವಾದ, ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಉದಾಹರಣೆಯು ಷಟ್ಖಂಡಾಗಮದ ಪ್ರಕಟನೆಯದು. ವೀರಸೇನಾಚಾರ್ಯರ ಧವಳಾಟೀಕೆಯೊಡನೆ ಈ ಸಿದ್ಧಾಂತಗ್ರಂಥವು ಮೂಡುಬಿದಿರೆಯ ಸಿದ್ಧಾಂತಬಸದಿಯ ತಾಡಪತ್ರಗಳಲ್ಲಿ ಸುರಕ್ಷಿತವಾಗಿದ್ದುದು ಸರ್ವವಿದಿತ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಪ್ರತಿ ಮಾಡುವ ಕಾರ್ಯವು ಆರಂಭವಾಯಿತು. ಆ ಸಂದರ್ಭದಲ್ಲಿ ಗುಟ್ಟಾಗಿ ಸಿದ್ಧವಾದ ಒಂದು ಪ್ರತಿಯು ಸಹಾರನಪುರವನ್ನು ಸೇರಿ, ಅದರಿಂದ ಮಾಡಿದ ನಾಗರೀ ಪ್ರತಿಗಳು ಉತ್ತರದ ಹಲವು ಕಡೆ ಹರಡಿದವು. 1939ರಲ್ಲಿ ಡಾ. ಹೀರಾಲಾಲ ಜೈನರು ಅಮರಾವತಿಯಿಂದ ಮೊದಲ ಸಂಪುಟವನ್ನು ಹೊರತಂದಾಗ ಅವರ ಮುಂದಿದ್ದುದು ಇಂತಹ ಪ್ರತಿಯ ಪ್ರತಿಗಳು ಮಾತ್ರ. ಮಾತೃಕೆಯ ಒಡೆಯರ ಸಮ್ಮತಿಯಿಲ್ಲದೆ ಹೊರಬಿದ್ದ ಪ್ರತಿಯನ್ನು ಬಳಸುವುದು ಯುಕ್ತವೇ ಎಂಬ ಪ್ರಶ್ನೆಯು ಇಲ್ಲಿ ಏಳುತ್ತದೆ. ಶ್ರುತವು ಒಂದೇ ಕೋಣೆಯಲ್ಲಿ ಜೀರ್ಣವಾಗಬಾರದೆಂಬ ಹಂಬಲವು ಒಂದು ಕಡೆ, ಶತಮಾನಗಳ ಕಾಲ ಅದನ್ನು ಕಾಪಾಡಿಕೊಂಡು ಬಂದವರ ವಿಶ್ವಾಸವು ಇನ್ನೊಂದು ಕಡೆ, ಎರಡಕ್ಕೂ ತೂಕವಿದೆ. ಸಂಪಾದಕರು ಈ ವೃತ್ತಾಂತವನ್ನು ಬಚ್ಚಿಡದೆ ಪ್ರಸ್ತಾವನೆಯಲ್ಲಿಯೇ ಬರೆದರೆಂಬುದನ್ನು ಮರೆಯಬಾರದು. ಮೂಲವು ಕೈಸೇರಿದ ಬಗೆಯಲ್ಲಿ ದೋಷವಿದ್ದರೂ ಅದನ್ನು ತಿಳಿಸುವುದರಲ್ಲಿ ಅವರು ದೋಷವೆಸಗಲಿಲ್ಲ. ಮುಂದೆ ಮೂಡುಬಿದಿರೆಯವರ ಸಹಕಾರವೂ ದೊರೆತು, ಪಂ. ಲೋಕನಾಥ ಶಾಸ್ತ್ರಿಗಳೇ ಮೊದಲಾದ ಅಲ್ಲಿನ ವಿದ್ವಾಂಸರು ಮುದ್ರಿತ ಪಾಠವನ್ನು ತಾಡಪತ್ರಗಳೊಡನೆ ತಾಳೆನೋಡಿಕೊಟ್ಟರು.

ಆ ಮೊದಲ ಸಂಪುಟದ ಸತ್ಪ್ರರೂಪಣೆಯ 93ನೆಯ ಸೂತ್ರವೇ ಮುಂದಿನ ದೊಡ್ಡ ವಿವಾದಕ್ಕೆ ನೆಲೆಯಾಯಿತು. ಪರ್ಯಾಪ್ತ ಮನುಷ್ಯಿನಿಯರ ಗುಣಸ್ಥಾನಗಳನ್ನು ಹೇಳುವ ಈ ಸೂತ್ರದಲ್ಲಿ 'ಸಂಜದಾಸಂಜದ' ಎಂಬುದರ ಮುಂದೆ 'ಸಂಜದ' ಎಂಬ ಪದವು ಲಭ್ಯ ಪ್ರತಿಗಳಲ್ಲಿ ಇರಲಿಲ್ಲ. ಆದರೆ ಆ ಸೂತ್ರದ ಟೀಕೆಯಲ್ಲಿ ವೀರಸೇನರು ದ್ರವ್ಯಸ್ತ್ರೀಯರಿಗೆ ಇದರಿಂದ ನಿರ್ವಾಣವು ಸಿದ್ಧಿಸುವುದಲ್ಲವೇ ಎಂಬ ಶಂಕೆಯನ್ನು ಎತ್ತಿ ನಿರಾಕರಿಸುತ್ತಾರೆ. ಹದಿನಾಲ್ಕು ಗುಣಸ್ಥಾನಗಳನ್ನು ಹೇಳಿರುವುದು ಭಾವಸ್ತ್ರೀಯ ಅಪೇಕ್ಷೆಯಿಂದ ಎಂದು ಸಮಾಧಾನವನ್ನೂ ಕೊಡುತ್ತಾರೆ. ಸೂತ್ರದಲ್ಲಿ 'ಸಂಜದ' ಪದವಿಲ್ಲದಿದ್ದರೆ ಆ ಶಂಕೆಗೆ ಆಸ್ಪದವೇ ಇರದು. ಸಮಾನಾಕ್ಷರಗಳು ಬೆನ್ನುಬೆನ್ನಿಗೆ ಬಂದಾಗ ಲಿಪಿಕಾರನ ಕಣ್ಣು ಒಂದನ್ನು ದಾಟಿಹೋಗುವುದು ಹಸ್ತಪ್ರತಿಗಳಲ್ಲಿ ಪದೇಪದೇ ಕಾಣುವ ಸ್ಖಾಲಿತ್ಯವೂ ಹೌದು.

ಇಷ್ಟು ಬಲವಾದ ಆಧಾರಗಳಿದ್ದರೂ ಸಂಪಾದಕರು ಆ ಪದವನ್ನು ಸೂತ್ರದೊಳಗೆ ಸೇರಿಸಲಿಲ್ಲ. ಪ್ರತಿಗಳಲ್ಲಿದ್ದಂತೆ ಸೂತ್ರವನ್ನು ಮುದ್ರಿಸಿ, ಇಲ್ಲಿ ಈ ಪದವು ಬಿಟ್ಟುಹೋಗಿರುವಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. 1940ರ ದಶಕದಲ್ಲಿ ಈ ಒಂದು ಪದದ ಸುತ್ತ ಪಂಡಿತವರ್ಗದಲ್ಲಿ ತೀವ್ರ ಚರ್ಚೆ ನಡೆಯಿತು. ಸೂತ್ರವು ದ್ರವ್ಯಸ್ತ್ರೀಯನ್ನು ಕುರಿತದ್ದು, ಆ ಪದವನ್ನು ಒಪ್ಪಿದರೆ ದಿಗಂಬರ ಸಿದ್ಧಾಂತಕ್ಕೆ ಬಾಧಕವೆಂದು ಒಂದು ಪಕ್ಷದವರೂ, ಭಾವಸ್ತ್ರೀಯನ್ನು ಕುರಿತದ್ದಾದುದರಿಂದ ಬಾಧಕವಿಲ್ಲವೆಂದು ಇನ್ನೊಂದು ಪಕ್ಷದವರೂ ವಾದಿಸಿದರು. ಕೊನೆಗೆ ಮೂಡುಬಿದಿರೆಯ ತಾಡಪತ್ರದಲ್ಲಿ ನೋಡಲಾಗಿ ಆ ಪದವು ಅಲ್ಲಿ ಇದ್ದೇ ಇತ್ತು.

ಈ ಪ್ರಸಂಗವನ್ನು ಒಂದು ಪಕ್ಷದ ಜಯವೆಂದು ಓದುವುದು ಅದರ ನಿಜವಾದ ಬೆಲೆಯನ್ನು ಕುಗ್ಗಿಸಿದಂತೆ. ಊಹೆಯು ಸರಿಯಾಗಿದ್ದರೂ ಸಂಪಾದಕರು ಅದನ್ನು ಸದ್ದಿಲ್ಲದೆ ಸೂತ್ರದೊಳಕ್ಕೆ ಸೇರಿಸಿದ್ದರೆ, ಪ್ರತಿಗಳಲ್ಲಿ ಅದಿಲ್ಲವೆಂದು ತಿಳಿದ ದಿನವೇ ಸಂಪುಟಗಳೆಲ್ಲವೂ ಅವಿಶ್ವಾಸಕ್ಕೆ ಪಾತ್ರವಾಗುತ್ತಿದ್ದವು. ವಿರೋಧಕ್ಕೆ ಅಂಜಿ ಟಿಪ್ಪಣಿಯನ್ನೇ ಬಿಟ್ಟಿದ್ದರೆ ಓಲೆಯನ್ನು ಮತ್ತೆ ನೋಡಬೇಕೆಂಬ ವಿಚಾರವೇ ಹುಟ್ಟುತ್ತಿರಲಿಲ್ಲ. ಕಂಡುದನ್ನು ಕಂಡಂತೆ ಮೇಲೆಯೂ, ಊಹಿಸಿದುದನ್ನು ಊಹೆಯೆಂದೇ ಕೆಳಗೂ ಇರಿಸಿದುದರಿಂದ ಭಿನ್ನಮತದವರೂ ಒಂದೇ ಗರಿಯ ಮುಂದೆ ಕುಳಿತು ಪರೀಕ್ಷಿಸುವುದು ಸಾಧ್ಯವಾಯಿತು. ಸಿದ್ಧಾಂತವನ್ನು ರಕ್ಷಿಸಲೆಂದು ಅಕ್ಷರವನ್ನು ತಿದ್ದುವವರು ಸಿದ್ಧಾಂತದ ಪ್ರಮಾಣವನ್ನೇ ಕಳೆದುಕೊಳ್ಳುತ್ತಾರೆ.

ಈ ಒರೆಗಲ್ಲಿನಲ್ಲಿ ತಿಕ್ಕಿನೋಡಿದಾಗ ಇಂದಿನ ಪತ್ರಿಕೆಗಳಲ್ಲಿ ಬರುವ ಕೆಲವು ಲೇಖನಗಳು ನಿಲ್ಲುವುದಿಲ್ಲ. ಹಳೆಯ ಮುದ್ರಣವೊಂದರ ಪಾಠಾಂತರಗಳನ್ನು ಎತ್ತಿಕೊಂಡು, ಓಲೆಪ್ರತಿಯನ್ನೇ ನೋಡಿದಂತೆ ಅದರ ಸಂಖ್ಯೆಯನ್ನು ನಮೂದಿಸುವ ಪದ್ಧತಿಯು ಇವುಗಳಲ್ಲಿ ಅತ್ಯಂತ ಖಂಡನೀಯವಾದುದು. ಇದು ಬಯಲಾಗುವ ಬಗೆಯೂ ಹಸ್ತಪ್ರತಿಶಾಸ್ತ್ರದ ಹಳೆಯ ಸೂತ್ರದಿಂದಲೇ: ಸಮಾನದೋಷಗಳು ಸಮಾನಮೂಲವನ್ನು ಸೂಚಿಸುತ್ತವೆ. ಹಳೆಯ ಪುಸ್ತಕದ ಅಚ್ಚಿನ ತಪ್ಪು ಹೊಸ ಲೇಖನದಲ್ಲಿ 'ಓಲೆಯ ಪಾಠ'ವಾಗಿ ಮೈದಾಳಿದಾಗ ಲೇಖಕನು ಯಾವ ಗರಿಯನ್ನೂ ಮುಟ್ಟಿಲ್ಲವೆಂಬುದು ಸ್ಪಷ್ಟ. ಪಂ. ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿಯೇ ಪ್ರಕಟವಾಗಿದ್ದರೂ, ಅದರಲ್ಲಿ ದಾಖಲಾದ ಪ್ರತಿಯನ್ನು 'ಹೊಸದಾಗಿ ದೊರೆತದ್ದು' ಎಂದು ಸಾರುವುದೂ ಇದೇ ಜಾತಿಗೆ ಸೇರಿದ ದೋಷ. ಇನ್ನು ಭಂಡಾರದ ಪ್ರತಿಯ ಛಾಯಾಚಿತ್ರವನ್ನು ತಮ್ಮಲ್ಲಿಯೇ ಇಟ್ಟುಕೊಂಡು, ಅದರ ಮೇಲೆ ಲೇಖನಗಳನ್ನು ಬರೆಯುತ್ತ, ಕೇಳಿದವರಿಗೆ ತೋರಿಸದಿರುವುದು ಮಾತ್ಸರ್ಯವೂ ಅಂತರಾಯವೂ ಆಗುತ್ತದೆ. ಅಂತಹ ಲೇಖನಗಳ ನಿರ್ಣಯವನ್ನು ಪರೀಕ್ಷಿಸುವ ದಾರಿಯೇ ಓದುಗರಿಗೆ ಇಲ್ಲವಾಗುತ್ತದೆ.

ಇದಕ್ಕೆ ಪರಿಹಾರವು ಕಠಿಣವೇನಲ್ಲ. ಹಸ್ತಪ್ರತಿಯನ್ನು ಆಧರಿಸಿದ ಪ್ರತಿಯೊಂದು ಲೇಖನದ ಮೊದಲಲ್ಲಿ ನಾಲ್ಕು ಸಂಗತಿಗಳು ಇರತಕ್ಕದ್ದು: ಪ್ರತಿಯು ಎಲ್ಲಿಯದು ಮತ್ತು ಯಾರ ಅನುಮತಿಯಿಂದ ನೋಡಿದುದು, ನೋಡಿದುದು ಓಲೆಯನ್ನೋ, ಛಾಯಾಚಿತ್ರವನ್ನೋ, ಕಾಗದದ ಪ್ರತಿಯನ್ನೋ, ಲಿಪ್ಯಂತರ ಮಾಡಿದವರು ಯಾರು, ಊಹಾಪಾಠಗಳನ್ನು ಗುರುತಿಸಿರುವ ಚಿಹ್ನೆ ಯಾವುದು. ಲೇಖನವನ್ನು ಪರಿಶೀಲಿಸುವ ವಿದ್ವಾಂಸರು ಕೆಲವು ಪಾಠಗಳನ್ನಾದರೂ ಮೂಲದೊಡನೆ ತಾಳೆನೋಡಬೇಕು. ತಮ್ಮ ಮತಕ್ಕೆ ವಿರುದ್ಧವೆಂಬ ಒಂದೇ ಕಾರಣದಿಂದ ಅದನ್ನು ತಳ್ಳಿಹಾಕಬಾರದು. ಪ್ರಕಟವಾದ ಮೇಲೆ ತಪ್ಪು ತಿಳಿದುಬಂದಲ್ಲಿ ಮುಂದಿನ ಸಂಚಿಕೆಯಲ್ಲಿಯೇ, ಎದ್ದುಕಾಣುವ ಸ್ಥಳದಲ್ಲಿ ಒಪ್ಪೋಲೆಯನ್ನು ಅಚ್ಚುಮಾಡುವುದು ಸಂಪಾದಕರ ಕರ್ತವ್ಯ.

ತಾನು ಕಂಡಂತೆ ಬರೆದೆನೆಂದೂ, ತಪ್ಪಿದ್ದರೆ ತನ್ನದಲ್ಲವೆಂದೂ ಗ್ರಂಥಾಂತ್ಯದಲ್ಲಿ ಬರೆದು ಕ್ಷಮೆ ಬೇಡುವ ಹಕ್ಕು ಹಿಂದಿನ ಲಿಪಿಕಾರನಿಗಿತ್ತು. ಬೆನ್ನು ಬಾಗಿ, ಕಣ್ಣು ಸೋತು ಬರೆದ ಅವನು ತನ್ನ ಮಾತೃಕೆಯನ್ನು ಮರೆಮಾಚಲಿಲ್ಲ. ಪಾಠವನ್ನು ಆಯುವ, ಲೇಖನವನ್ನು ಒಪ್ಪುವ ಅಧಿಕಾರವನ್ನು ವಹಿಸಿಕೊಂಡ ಸಂಪಾದಕನಿಗೆ ಆ ಕ್ಷಮಾಯಾಚನೆಯು ಸಲ್ಲುವುದಿಲ್ಲ. ಭಂಡಾರಗಳ ಅನೇಕ ಗರಿಗಳು ಈಗಾಗಲೇ ತುದಿ ಮುರಿದು, ಹುಳು ತಿಂದು ಶಿಥಿಲವಾಗಿವೆ. ಕೆಲವಕ್ಕೆ ಮುಂದಿನ ತಲೆಮಾರಿನಲ್ಲಿ ಪತ್ರಿಕೆಯ ಪುಟವೊಂದೇ ಸಾಕ್ಷಿಯಾಗಿ ಉಳಿಯಬಹುದು. ಆ ಪುಟದಲ್ಲಿ ಕಂಡುದೂ ಊಹಿಸಿದುದೂ ಬೆರೆತುಹೋಗಿದ್ದರೆ ಅವನ್ನು ಬೇರ್ಪಡಿಸಲು ಆಗ ಯಾವ ಓಲೆಯೂ ಇರುವುದಿಲ್ಲ.