ರೊಟ್ಟಿ ತಿಂದು ನಾಟಕಕ್ಕೆ
ಸುಂಕದಕಟ್ಟೆಯಿಂದ ಮಾಗಡಿ ರಸ್ತೆ ಹಿಡಿದು ಮೆಜೆಸ್ಟಿಕ್, ಅಲ್ಲಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ಜಯಪ್ರಕಾಶ ನಗರ. ದೂರವೇ. ಆದರೂ ಏಳೂವರೆಯ ನಾಟಕಕ್ಕೆ ಆರು ಗಂಟೆಗೇ ರಂಗಶಂಕರ ಸೇರಿಬಿಡಿ ಎನ್ನುತ್ತೇನೆ. ಕಾರಣ, ಅಲ್ಲಿನ ಕೆಫೆ.

ಅಕ್ಕಿ ರೊಟ್ಟಿಯೂ ಸಿಗುತ್ತದೆ, ಸಾಬೂದಾನ ವಡೆಯೂ ಸಿಗುತ್ತದೆ. ವಡೆ ಮುರಿದರೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ಅಂಟಂಟು ಸಾಬೂದಾನ, ನಡುನಡುವೆ ಹಲ್ಲಿಗೆ ಸಿಕ್ಕುವ ಕಡಲೆಬೀಜದ ತರಿ. ಮರಾಠಿ ಮನೆಗಳ ಉಪವಾಸದ ತಿಂಡಿ ಇದು. ಹೊನ್ನಾವರದ ಕಡೆಯ ನಟ, ನಿರ್ದೇಶಕ ಶಂಕರ್ ನಾಗ್ ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿ ಬಂದವರು. ಅವರ ನೆನಪಿಗೆ ಕಟ್ಟಿದ ಜಾಗದಲ್ಲಿ ಈ ಎರಡೂ ತಿಂಡಿ ಒಂದೇ ಮೇಜಿಗೆ ಬರುವುದು ನನಗೆ ತುಂಬ ಸರಿ ಅನಿಸುತ್ತದೆ.

1990ರಲ್ಲಿ ಶಂಕರ್ ಅಪಘಾತದಲ್ಲಿ ತೀರಿಕೊಂಡರು. ಅವರ ಪತ್ನಿ ಅರುಂಧತಿ ನಾಗ್ ವರ್ಷಗಟ್ಟಲೆ ಓಡಾಡಿ, ಹಣ ಕೂಡಿಸಿ, ಗೆಳೆಯರೊಂದಿಗೆ 2004ರಲ್ಲಿ ಈ ರಂಗಮಂದಿರ ತೆರೆದರು. ಕನ್ನಡದ ಜೊತೆಗೆ ಹಿಂದಿ, ಮರಾಠಿ, ಇಂಗ್ಲಿಷ್ ನಾಟಕಗಳೂ ಇಲ್ಲಿ ಆಗುತ್ತವೆ. ರಂಗದ ಮೂರು ಕಡೆಯೂ ಪ್ರೇಕ್ಷಕರು. ನಟನ ಹಣೆಯ ಬೆವರೂ ಕಾಣುವಷ್ಟು ಹತ್ತಿರ. ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿದರೆ ಮುಗಿಯಿತು, ತಡವಾಗಿ ಬಂದವರು ಯಾರೇ ಇರಲಿ, ಒಳಗೆ ಬಿಡುವುದಿಲ್ಲ. ಈ ಕಟ್ಟುನಿಟ್ಟು ನನಗೆ ಅಚ್ಚುಮೆಚ್ಚು. ತಿಂಗಳುಗಟ್ಟಲೆ ತಾಲೀಮು ಮಾಡಿದವರಿಗೆ ಸಲ್ಲಬೇಕಾದ ಮರ್ಯಾದೆ ಅದು.

ಸೋಮವಾರ ರಜೆ. ಮಿಕ್ಕ ದಿನ ಮಾಗಡಿ ರಸ್ತೆಯ ಟ್ರಾಫಿಕ್ಕಿಗೆಂದೇ ಒಂದು ಗಂಟೆ ಹೆಚ್ಚು ಇಟ್ಟುಕೊಂಡು ಹೊರಡಿ. ನಮ್ಮ ಮಗ್ಗುಲಲ್ಲೇ ಮಲ್ಲತ್ತಹಳ್ಳಿಯ ಕಲಾಗ್ರಾಮವಿದೆ. ಅಲ್ಲೂ ದಿನಾ ಸಂಜೆ ನಾಟಕ, ಕಾವಲಿಯ ಮೇಲೆ ಬಿಸಿ ರೊಟ್ಟಿ ಇರುವಂತಾಗಲಿ ಎಂಬುದು ನನ್ನ ಬಹುದಿನದ ಆಸೆ.