ಯಾವುದರ ಸರಾಸರಿ?

ಇಂಗ್ಲಿಷ್ ಬರವಣಿಗೆಯಲ್ಲಿ ತಾಪಮಾನದ ಮಾತು ಬಂದರೆ ಮೇಷ್ಟ್ರುಗಳೂ ಉಪಸಂಪಾದಕರೂ ಮೊದಲು ಹೊಡೆದುಹಾಕುವುದು ‘ಹಾಟ್ ಟೆಂಪರೇಚರ್’ ಎಂಬ ಪ್ರಯೋಗವನ್ನು. ಬಿಸಿ ಗಾಳಿಗೆ, ನೀರಿಗೆ ಸೇರಿದ್ದು; ತಾಪಮಾನ ಅಳತೆ, ಅದು ‘ಹೈ’ ಅಥವಾ ‘ಲೋ’ ಆದೀತೇ ಹೊರತು ‘ಹಾಟ್’ ಆಗದು ಎಂಬುದು ಅವರ ವಾದ. ಅಮೆರಿಕದ ಪತ್ರಕರ್ತರು ಪ್ರಮಾಣವೆಂದು ನೋಡುವ ಎಪಿ ಸ್ಟೈಲ್‌ಬುಕ್ ಕೂಡ ಇದೇ ಪಕ್ಷದ್ದು: ತಾಪಮಾನ ಏರುತ್ತದೆ, ಇಳಿಯುತ್ತದೆ, ಬೆಚ್ಚಗಾಗುವುದಿಲ್ಲ. ಈ ನಿಯಮದ ತರ್ಕವನ್ನು ನಾನು ಒಪ್ಪುತ್ತೇನೆ. ಆದರೆ ಸರಿಯಾದ ಬರವಣಿಗೆಯ ಪರೀಕ್ಷೆ ಅಲ್ಲಿಗೆ ಮುಗಿಯಿತೆಂಬ ನಂಬಿಕೆಯನ್ನು ಒಪ್ಪಲಾರೆ.

‘ಹಾಟ್ ಟೆಂಪರೇಚರ್’ ಎಂದು ಬರೆದವರ ಶೈಲಿ ಸಡಿಲವಿರಬಹುದು, ಆದರೆ ಓದುಗರು ಅದರಿಂದ ದಾರಿ ತಪ್ಪುವುದಿಲ್ಲ. ಈಗ ‘ದಿ ಆ್ಯವರೇಜ್ ಟೆಂಪರೇಚರ್ ಇನ್ ಬೆಂಗಳೂರು ಇನ್ ಏಪ್ರಿಲ್ ಈಸ್ 34 ಡಿಗ್ರೀಸ್’ ಎಂಬ ವಾಕ್ಯವನ್ನು ನೋಡಿ. ವ್ಯಾಕರಣದಲ್ಲಿ ಹುಳುಕಿಲ್ಲ, ಕೆಂಪು ಶಾಯಿ ಅದನ್ನು ಮುಟ್ಟುವುದಿಲ್ಲ. ಆದರೂ ವಾಕ್ಯ ಸುಳ್ಳು. ಸುಮಾರು 34 ಡಿಗ್ರಿ ಎಂಬುದು ಅಲ್ಲಿನ ಏಪ್ರಿಲ್ ತಿಂಗಳ ಗರಿಷ್ಠ ತಾಪಮಾನಗಳ ಸರಾಸರಿ. ಕನಿಷ್ಠಗಳ ಸರಾಸರಿ ಸುಮಾರು 22. ಗರಿಷ್ಠ, ಕನಿಷ್ಠಗಳನ್ನು ಕೂಡಿಸಿ ಎರಡರಿಂದ ಭಾಗಿಸಿ ದಿನದ ಸರಾಸರಿ ತೆಗೆಯುವುದು ಹವಾಮಾನ ಲೆಕ್ಕದ ಬಳಕೆಯ ಕ್ರಮ. ಹಾಗೆ ನೋಡಿದರೆ ಬರೆಯಬೇಕಿದ್ದ ಸಂಖ್ಯೆ 28ರ ಆಸುಪಾಸಿನದು. ‘ಆ್ಯವರೇಜ್ ಹೈ’ ಎಂದೋ ‘ಮೀನ್ ಮ್ಯಾಕ್ಸಿಮಮ್’ ಎಂದೋ ಬರೆದಿದ್ದರೆ 34 ನಿಜವಾಗುತ್ತಿತ್ತು. ಒಂದು ಪದ ಬಿಟ್ಟದ್ದಕ್ಕೆ ಆರು ಡಿಗ್ರಿ ತಪ್ಪಿತು.

‘ಆ್ಯವರೇಜ್’, ‘ನಾರ್ಮಲ್’ ಎರಡೂ ಒಂದೇ ಎಂಬ ಇನ್ನೊಂದು ರೂಢಿಯ ಅಭಿಪ್ರಾಯವಿದೆ. ಹವಾಮಾನ ಶಾಸ್ತ್ರದಲ್ಲಿ ‘ನಾರ್ಮಲ್’ ಎಂದರೆ ಗೊತ್ತುಪಡಿಸಿದ ಮೂವತ್ತು ವರ್ಷಗಳ ಸರಾಸರಿ. ಈಗ ಬಳಕೆಯಲ್ಲಿರುವ ಅವಧಿ 1991–2020. ಅದಕ್ಕೆ ಹಿಂದಿನದು 1981–2010. ಭೂಮಿ ಕಾಯುತ್ತಿರುವಾಗ ಈ ಆಧಾರರೇಖೆಯೇ ಮೇಲಕ್ಕೆ ಸರಿಯುತ್ತದೆ. ಹಿಂದಿನ ಲೆಕ್ಕದಲ್ಲಿ ‘ಅಬವ್ ನಾರ್ಮಲ್’ ಆಗುತ್ತಿದ್ದ ತಿಂಗಳು ಇಂದಿನ ಲೆಕ್ಕದಲ್ಲಿ ‘ನಿಯರ್ ನಾರ್ಮಲ್’ ಆಗಬಹುದು. ಅವಧಿ ಹೇಳದೆ ‘ನಾರ್ಮಲ್’ ಎಂದು ಬರೆದರೆ ಕಾಣಿಸಬೇಕಾದ ಏರಿಕೆಯನ್ನೇ ವಾಕ್ಯ ಮುಚ್ಚಿಡುತ್ತದೆ.

2015ರ ಪ್ಯಾರಿಸ್ ಹವಾಮಾನ ಒಪ್ಪಂದದ 1.5 ಡಿಗ್ರಿ ಏರಿಕೆಯ ಮಿತಿಯ ಬಗ್ಗೆ ಬರೆಯುವಾಗಲಂತೂ ಈ ಅಜಾಗರೂಕತೆ ದುಬಾರಿ. ಆ ಏರಿಕೆಯನ್ನು ಕೈಗಾರಿಕಾಪೂರ್ವ ಕಾಲದಿಂದ ಅಳೆಯುತ್ತಾರೆ. ಅದಕ್ಕೆ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿ ಬಳಸುವ ಆಧಾರ 1850–1900. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರ ಜಾಗತಿಕ ಸರಾಸರಿ ಈ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಮೇಲಿತ್ತು. ಅಷ್ಟಕ್ಕೇ ಒಪ್ಪಂದದ ಮಿತಿ ಮುರಿಯಿತು ಎಂದು ಬರೆದರೆ ತಪ್ಪು, ಏಕೆಂದರೆ ಆ ಮಿತಿ ದಶಕಗಳ ಸರಾಸರಿಗೆ ಸಂಬಂಧಿಸಿದ್ದು, ಒಂದು ವರ್ಷದ್ದಕ್ಕಲ್ಲ. ಇದೇ 1.5 ಡಿಗ್ರಿ ಸೆಲ್ಸಿಯಸ್ ಏರಿಕೆಯನ್ನು ಫ್ಯಾರನ್‌ಹೀಟ್‌ಗೆ ತಿರುಗಿಸುವಾಗ 32 ಕೂಡಿಸಿ 34.7 ಎಂದು ಬರೆಯುವುದುಂಟು. ವ್ಯತ್ಯಾಸಕ್ಕೆ 32 ಕೂಡಿಸುವಂತಿಲ್ಲ. ಸರಿಯಾದ ಉತ್ತರ 2.7.

ಸಾಮಾನ್ಯ ಓದುಗರಿಗೆ ಇಷ್ಟು ಸೂಕ್ಷ್ಮ ಬೇಡ, ಸಂದರ್ಭದಿಂದಲೇ ಅರ್ಥವಾಗುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಸುದ್ದಿಯ ತಲೆಬರಹಕ್ಕೆ ಜಾಗ ಕಡಿಮೆ ಎಂಬುದೂ ನಿಜ. ಆದರೆ ಸಂದರ್ಭದಿಂದ ಅರ್ಥವಾಗುವುದು ಆ ಊರನ್ನು ಬಲ್ಲವರಿಗೆ ಮಾತ್ರ, ಅವರಿಗೆ ನಮ್ಮ ವಾಕ್ಯದ ಅಗತ್ಯವೇ ಇಲ್ಲ. ಊರು ಕಾಣದವರು ಪದಗಳನ್ನೇ ನಂಬಿ ಓದುತ್ತಾರೆ. ತಲೆಬರಹದಲ್ಲಿ ಹಿಡಿಸದ ಅವಧಿಯನ್ನು ಮೊದಲ ಪ್ಯಾರಾದಲ್ಲಿ ಹೇಳಲು ಯಾವ ಅಡ್ಡಿಯೂ ಇಲ್ಲ.

ಪದಗಳ ಶುದ್ಧಿಯನ್ನು ಕಾಯುವ ನಿಯಮ ಅರ್ಥದ ಶುದ್ಧಿಯನ್ನು ಬಿಟ್ಟುಕೊಟ್ಟಿದೆ ಎಂಬುದೇ ನನ್ನ ತಕರಾರು. ಇಂಗ್ಲಿಷ್ ಕಲಿಸುವವರಲ್ಲಿ, ತಿದ್ದುವವರಲ್ಲಿ ನನ್ನ ಕೋರಿಕೆ ಇಷ್ಟೇ: ‘ಹಾಟ್’ ಅನ್ನು ಬೇಕಾದರೆ ಹೊಡೆಯಿರಿ, ಆದರೆ ‘ಆ್ಯವರೇಜ್’ ಕಂಡಲ್ಲೆಲ್ಲ ಯಾವುದರದು, ಯಾವ ಅವಧಿಯದು ಎಂದು ಅಂಚಿನಲ್ಲಿ ಬರೆದು ಕೇಳಿ. ಉತ್ತರವಿಲ್ಲದ ವಾಕ್ಯವನ್ನು ಅಚ್ಚಿಗೆ ಕಳಿಸಬೇಡಿ.